ಕಸ ಹೊಡೆದ ಹಾಡು

ಭಾಗವ್ವ ರೊಟ್ಟಿ ಬಡೀತಾ ಗುನುಗುತ್ತಿದ್ದ ಧಾಟಿ ಪಕ್ಕದ ಖೋಲಿಯ ಸುನಿಲ ಕಟ್ಟಿದ್ದು. ಮಡಗಾಂವಿನ ಮೋತಿ ಡೊಂಗರ ಗುಡ್ಡದ ಮ್ಯಾಲಿನ ಅಂಗೈಯಷ್ಟಗಲದ ಮನ್ಯಾಗ, ಹಡದವ್ವನ ಬಾಯಾಗ, ಮಂದಿ ಮಗನ ಹಾಡು! ಯಮನೂರನ ಹೊಟ್ಟ್ಯಾಗ ಬೆಂಕಿ ಬಿತ್ತು.

"ಒಂದ ಸಮನ ಅದೇನ್ ಹಾಡ್ತೀಯವ್ವಾ?"

"ಭಾಳ ಚಲೋ ಐತಲ್ಲೋ. ನೀನೂ ಒಂದರೆ ಹಿಂಗ ಕಟ್ಟಬಾರದೇನು?"

ಸುನಿಲಗ ಕಂಪ್ಯೂಟರಿನ್ಯಾಗ ಹಾಡು ಜೋಡಿಸೋದು ಕಲಿಸಿದವ ಯಾರು? ಇವನೇ. ಬಂದರಿನ್ಯಾಗ ಮೂಟಿ ಹೊರಾವನ್ನ ಮಡಗಾಂವಿನ ರಫೀಕಭಾಯ್‌ನ ಸ್ಟುಡಿಯೋಕ್ಕ ಕರಕೊಂಡು ಹೋದವ ಯಾರು? ಇವನೇ. ಬೆಳಗಾವಿ ಕಡೆಯ ಆ ರಫೀಕಭಾಯ್‌ನ ಕೈಕೆಳಗ ಆರು ವರ್ಷ ಯಮನೂರ ಕಂಡವರ ಹಾಡು ತಿದ್ದಿ ಕೊಟ್ಟಿದ್ದ. ಈಗ ಮುಂಬೈ ಕಂಪನಿಗೆ ಒಂದ ಹಾಡು ಹೋಗಬೇಕಿತ್ತು. ಯಾರದು ಹೋಗ್ತದೋ ಅವರೇ ಇನ್ನುಮುಂದ ಸ್ಟುಡಿಯೋದ ಸಂಗೀತಗಾರರು. ಇವನ ಹಾಡು ಕೇಳಿ ರಫೀಕಭಾಯ್ "ಠೀಕ್ ಐತಿ" ಅಂದು ಚಹಾ ಕುಡಿದಿದ್ದ. ಸುನಿಲಂದು ಇನ್ನೂ ಕೇಳಿರಲಿಲ್ಲ. ಕೇಳಿದ ದಿನ ತನ್ನ ಕತಿ ಮುಗೀತು ಅಂತ ಯಮನೂರಗ ಗೊತ್ತಿತ್ತು.

ಅಷ್ಟರಾಗ ಸುನಿಲ ಅಕ್ಕನ ಮನಿಗಂತ ವಾಳಪೈಗೆ ಹೊಂಟ. "ಅಣ್ಣಾ, ನನ್ನ ಹಾಡು ಆ ಕಂಪ್ಯೂಟರಿನ್ಯಾಗ ಐತಿ, ಬ್ಯಾರೆ ನಕಲಿಲ್ಲ. ಸ್ವಲ್ಪ ನೋಡ್ಕೋರಿ," ಅಂದ. ಯಮನೂರ ನೋಡಿಕೊಂಡ, ಎಷ್ಟು ಬೇಕೋ ಅಷ್ಟು.

ಮಡಗಾಂವಿನ್ಯಾಗ ಮಧ್ಯಾಹ್ನ ಒಂದಕ್ಕ ಅಂಗಡಿ ಶಟರ್ ಇಳಿದ್ವಂದ್ರ ಮೂರೂವರಿತನಕ ನರಪಿಳ್ಳಿ ಸುಳಿಯೂದಿಲ್ಲ. ರಫೀಕಭಾಯ್ ಉಂಡು ಮಲಗಾಕ ಮನಿಗೆ ಹೋದ. ಯಮನೂರ ಒಳಗಿಂದ ಚಿಲಕ ಹಾಕಿ ಕುಂತ.

ಸುನಿಲನ ಹಾಡು ತೆರೆದ್ರ ಪರದೆ ತುಂಬ ಸಂತಿ. ಬ್ಯಾಡಾದ ತುಣುಕನ್ನ ಆ ಹುಚ್ಚ ತಗದು ಒಗೀತಿರಲಿಲ್ಲ, ಮ್ಯೂಟ್ ಮಾಡಿ ಅಲ್ಲೇ ಬಿಡತಿದ್ದ. ಮ್ಯಾಲಿಂದ ಕೆಳಗಿನತನಕ ಸಪ್ಪಳಿಲ್ಲದ ಬೂದು ಪಟ್ಟಿಗಳು. ಒಂದೊಂದರಾಗೂ ಅವನ ತಪ್ಪಿದ ಹಾರ್ಮೋನಿಯಂ, ಅವನ ಕೆಮ್ಮು, "ಛೇ, ಮತ್ತ ತಪ್ಪಿತಲ್ಲೋ" ಅನ್ನೂ ದನಿ. ಕಚ್ಚಾ ಕಳ್ಳನಾಗಿದ್ರ ಅವನ್ನೆಲ್ಲಾ ಮರೆಮಾಡಿ ಎದ್ದು ಹೋಗ್ತಿದ್ದ. ಮರೆಮಾಡಿದ್ದು ಒಂದ ಗುಂಡಿ ಒತ್ತಿದ್ರ ಮತ್ತ ಎದ್ದು ಕುಂದರ್ತದ, ಅದು ಯಮನೂರಗ ಗೊತ್ತಿಲ್ಲೇನು? ಮ್ಯೂಟ್ ಆದವನ್ನೆಲ್ಲಾ ಒಮ್ಮೆಲೇ ಆರಿಸಿ ಅಳಿಸಿದ. ಡಿಸ್ಕಿನ್ಯಾಗಿನ ಮೂಲಾನೂ ಅಳಿಸಿದ. ಉಳಿದದ್ದು ಹಾರ್ಮೋನಿಯಂದು ಒಂದ ಉದ್ದನ್ನ ಪಟ್ಟಿ, ಅದರ ಕೆಳಗ ಇವನೇ ಬಾರಿಸಿಕೊಟ್ಟ ಹಲಗಿದು. ತನ್ನ ಹೆಸರಿಲೆ ಹೊಸಾ ಫೈಲ್ ಉಳಿಸಿ, ಹಳೇದನ್ನ ಕಿತ್ತು ಹಾಕಿದ. ಸುನಿಲ ಬಂದು ಬಾಯಿ ಮಾಡಿದ್ರ? ಅದಕ್ಕೂ ಉತ್ತರ ತಯಾರಿತ್ತು: ನಮ್ಮವ್ವನ್ನ ಕೇಳ್ರಿ, ತಿಂಗಳಾತು, ನಮ್ಮನ್ಯಾಗ ಇದನ್ನೇ ಹಾಡಾಕತ್ತಾಳ. ಎಷ್ಟೋ ದಿನದ ಮ್ಯಾಲೆ ಅವಗ ಹೊಟ್ಟಿ ತಣ್ಣಗಾತು.

ಎರಡು ದಿನ ಬಿಟ್ಟು ರಫೀಕಭಾಯ್ ಹಾಡು ಕೇಳಿದ. ಮುಗಿದ ಮ್ಯಾಲೂ ಕಣ್ಣು ಮುಚ್ಚಿಕೊಂಡೇ ಕುಂತಿದ್ದ. "ಯಾ ಅಲ್ಲಾ! ಯಮನೂರ, ಇಷ್ಟು ದಿನ ಇದನ್ನ ಎಲ್ಲಿ ಇಟ್ಟಿದ್ದೀಪಾ?"

ವಾಳಪೈಯಿಂದ ಆಗಷ್ಟೇ ಬಂದ ಸುನಿಲ ಬಾಗಿಲದಾಗೇ ನಿಂತಿದ್ದ. ಕೈಯಾಗಿನ ಚೀಲಾನೂ ಇಳಿಸಿರಲಿಲ್ಲ. "ಅಣ್ಣಾ... ಅದು ನಂದಲ್ಲೇನ್ರಿ?"

ಯಮನೂರ ಸುಮ್ಮನಿದ್ರ ಆಗ್ತಿತ್ತು. ಸುಮ್ಮನಿರಾಕ ಹೊಟ್ಟೆಕಿಚ್ಚು ಬಿಡಬೇಕಲ್ಲ! "ನಿಂದು? ನೀ ಒಂದ ಸಾಲಿಗೆ ವಾರಗಟ್ಟಲೆ ಒದ್ದಾಡಾವ. ನಾ ಕುಂತೆ, ಬಾರಿಸಿದೆ, ಒಂದ ಸಲಕ್ಕ ಮುಗೀತು. ಎರಡನೇ ಸಲ ಹಾರ್ಮೋನಿಯಂ ಮುಟ್ಟಿಲ್ಲ, ನಮ್ಮವ್ವನ ಆಣಿ!" ಸುನಿಲ ಪರದೆ ಮ್ಯಾಲೆ ತನ್ನ ಬೂದು ಪಟ್ಟಿಗಳನ್ನ ಹುಡುಕಿದ. ತೋರ್ಸಾಕ ಅವನ ಹತ್ರ ಏನೂ ಉಳಿದಿರಲಿಲ್ಲ.

ರಫೀಕಭಾಯ್ ಇಬ್ಬರ ಮಾರಿನೂ ನೋಡಿದ. ಆಮ್ಯಾಲೆ ಚಾಳೀಸು ಏರಿಸಿಕೊಂಡು ಪರದೆ ಮ್ಯಾಲಿನ ಆ ಉದ್ದನ್ನ ಪಟ್ಟಿಯನ್ನ ದೊಡ್ಡದು ಮಾಡಿದ. ರೆಕಾರ್ಡ್ ಗುಂಡಿ ಒತ್ತಿದಾಗೊಮ್ಮೆ ಅದು ಎಷ್ಟನೇ ಸಲ ಅಂತ ಕಂಪ್ಯೂಟರ್ ತಾನಾಗೇ ಪಟ್ಟಿಯ ಮೂಲ್ಯಾಗ ಸಣ್ಣಗ ಒಂದ ಅಂಕಿ ಬರೀತದ. ಮೊದಲಿನ ಬೂದು ಪಟ್ಟಿಗಳ ಗದ್ದಲದಾಗ ಆ ಅಂಕಿ ಯಾರಿಗೂ ಕಾಣತಿರಲಿಲ್ಲ, ಯಮನೂರ ಸೈತ ಅದನ್ನ ಓದೂದು ಬಿಟ್ಟು ವರ್ಷಗಳಾಗಿದ್ವು. ಈಗ ಕಸ ಹೊಡೆದ ಪರದೆ ಮ್ಯಾಲೆ ಓದಾಕ ಅದೊಂದೇ ಉಳಿದಿತ್ತು. "ಒಂದ ಸಲಕ್ಕ ಮುಗೀತು ಅಂದೆಲ್ಲೋ," ಅಂತ ರಫೀಕಭಾಯ್ ಅದರ ಮ್ಯಾಲೆ ಬೆರಳಿಟ್ಟ, "ಮತ್ತ ಇಲ್ಲಿ ಅರವತ್ಮೂರು ಅಂತ ಯಾಕ ಐತಿ?"