ನಿಂಗ್‌ಬೋದ ಮಹಡಿ ಕೋಣೆ

ಕಿವಿಯ ಹಿಂದೆ ಅಂಟಿಸಿಕೊಂಡಿದ್ದ ನಿದ್ರಾಗುಂಡಿ ಮೆಲ್ಲಗೆ ಬೆಚ್ಚಗಾಯಿತು. ರೈಲು ಆಗ ಚೀನಾದ ಕರಾವಳಿಯಲ್ಲಿ ಕೊಲ್ಲಿಯೊಂದರ ಮೇಲಿನ ಉದ್ದನೆಯ ಸೇತುವೆಯನ್ನು ದಾಟುತ್ತಿತ್ತು. ಯಮುನಾ ಹರಿಕಂತ್ರ ಕಣ್ಣು ಮುಚ್ಚಿ ಕುಳಿತಿದ್ದಳು, ಆದರೆ ನಿದ್ದೆ ಹತ್ತಿರಲಿಲ್ಲ.

"ನಿಮ್ಮ ವಸತಿ ನಿರ್ಧಾರವಾಗಿದೆ," ಎಂದಿತು ಗುಂಡಿ. "ನಿಂಗ್‌ಬೋ ನಗರ, ಹಳೆಯ ಬಂದರು ಬೀದಿ, ಷೆನ್ ವಸತಿಗೃಹ, ಮಹಡಿಯ ಕೊನೆಯ ಕೋಣೆ. ಇಷ್ಟು ನಿಕಟವಾದ ಹೊಂದಾಣಿಕೆ ಅಪರೂಪ. ಅಭಿನಂದನೆಗಳು."

"ನಂಗೆ ಕಾರ್ಖಾನೆಯವರೇ ರೂಮು ಕೊಟ್ಟಿದಾರೆ," ಎಂದಳು ಯಮುನಾ, ಪಕ್ಕದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ.

"ಅಲ್ಲಿ ನಿಮಗೆ ನಿದ್ದೆ ಬರುವುದಿಲ್ಲ."

ಮನೆಯಲ್ಲಿ ಮಾತ್ರ ಬರ್ತದೆಯೋ ಎಂದುಕೊಂಡಳು ಅವಳು.

ಫೋಟೋ ನೋಡಿ, ನಕ್ಷತ್ರ ಎಣಿಸಿ, ಯಾರೋ ಅಪರಿಚಿತರು ಬರೆದ ಹೊಗಳಿಕೆ ನಂಬಿ ವಸತಿಗೃಹ ಆರಿಸುವ ಕಾಲ ಆಗಲೇ ಮುಗಿದಿತ್ತು. ಲೋಕದ ಹೆಚ್ಚಿನ ಬಾಡಿಗೆ ಹಾಸಿಗೆಗಳಲ್ಲಿ ಈಗ ಕೂದಲೆಳೆಗಿಂತ ಸಪೂರವಾದ ಸಂವೇದಿ ತಂತುಗಳಿದ್ದವು. ಮಲಗಿದವರ ಉಸಿರಿನ ಏರಿಳಿತ, ಎದೆಬಡಿತ, ಮಗ್ಗುಲು ಬದಲಿಸುವ ರೀತಿ ಎಲ್ಲವನ್ನೂ ಅವು ಗ್ರಹಿಸುತ್ತಿದ್ದವು. ಹೆಬ್ಬೆರಳಿನ ಗುರುತು ಒಬ್ಬರದು ಇನ್ನೊಬ್ಬರಿಗಿಲ್ಲದ ಹಾಗೆ ನಿದ್ದೆಗೂ ಅದರದೇ ಗುರುತಿದೆ ಎಂದು ವಿಜ್ಞಾನಿಗಳು ಕಂಡುಕೊಂಡು ಅದಕ್ಕೆ ನಿದ್ರಾಮುದ್ರೆ ಎಂದು ಹೆಸರಿಟ್ಟಿದ್ದರು. ಪ್ರಯಾಣಕ್ಕೆ ಮುಂಚೆ ಕೆಲವು ರಾತ್ರಿ ಗುಂಡಿಯನ್ನು ಧರಿಸಿದರೆ ಸಾಕು, ಅದು ನಿಮ್ಮ ಮುದ್ರೆಯನ್ನು ಕಲಿಯುತ್ತದೆ. ಆಮೇಲೆ ನೀವು ಹೋಗುವ ಊರಿನಲ್ಲಿ ನಿಮ್ಮಂಥದೇ ಮುದ್ರೆಯವರು ಯಾವ ಕೋಣೆಯಲ್ಲಿ ಚೆನ್ನಾಗಿ ನಿದ್ರಿಸಿದ್ದಾರೆಂದು ಹುಡುಕಿ ಅದನ್ನೇ ನಿಮಗೆ ಕೊಡುತ್ತದೆ. ಮಲಗಿದವರ ಹೆಸರು, ಊರು ಯಾವುದನ್ನೂ ಕಂಪನಿ ಇಟ್ಟುಕೊಳ್ಳುವುದಿಲ್ಲ.

ಯಮುನಾಳಿಗೆ ಇದರ ಹುಚ್ಚೇನೂ ಇರಲಿಲ್ಲ. ಅಘನಾಶಿನಿ ಸಮುದ್ರ ಸೇರುವ ತದಡಿಯಲ್ಲಿ ಮೀನುಗಾರ ಹೆಂಗಸರ ಸಂಘವೊಂದಿತ್ತು, ಅವಳು ಅದರ ಅಧ್ಯಕ್ಷೆ. ಏಡಿ ಮತ್ತು ಸೀಗಡಿಯ ಚಿಪ್ಪನ್ನು ಔಷಧಿಗೆ ಬೇಕಾಗುವ ಪುಡಿಯಾಗಿಸುವ ಯಂತ್ರವೊಂದನ್ನು ಸಂಘಕ್ಕೆ ಕೊಳ್ಳಬೇಕಿತ್ತು. ಯಂತ್ರವನ್ನು ಚೀನಾದ ಕಾರ್ಖಾನೆಯಲ್ಲೇ ಕಣ್ಣಾರೆ ನೋಡಿ ಬರಲು ಅವಳು ಹೊರಟಾಗ, "ತೂಕಡಿಸ್ತಾ ಹೋಗಿ ಮಶಿನ್ ನೋಡಬೇಡ ಮಾರಾಯ್ತಿ," ಎಂದು ಸಂಘದವರೇ ಗುಂಡಿಯನ್ನು ತಂದು ಅವಳ ಕಿವಿಗೆ ಅಂಟಿಸಿದ್ದರು.

ಅವಳು ತೂಕಡಿಸುತ್ತಿದ್ದುದು ನಿಜ. ಬೆಳಕು ಹರಿಯುವ ಮೊದಲೇ ಎದ್ದು ಮೀನು ಇಳಿಸುವ ಧಕ್ಕೆಗೆ ಹೋಗುವುದು, ಬಂದು ಅತ್ತೆಯ ಆರೈಕೆ, ಮತ್ತೆ ಸಂಘದ ಕೆಲಸ. ಗಂಡ ದೇವಿದಾಸ ಹಡಗಿನ ಎಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್. ಅವನು ಕೆಲಸ ಬಿಟ್ಟು ಬಂದ ಮೇಲಾದರೂ ನೆಮ್ಮದಿಯಾಗಿ ಮಲಗಬಹುದೆಂದು ವರ್ಷಾನುಗಟ್ಟಲೆ ಕಾದಿದ್ದಳು. ಕಳೆದ ವರ್ಷ ಅವನು ಬಂದೇ ಬಿಟ್ಟ. ಬಂದವನು ರಾತ್ರಿಯೆಲ್ಲ ಜಗಲಿಯಲ್ಲಿ ತಿರುಗಾಡಿದ, ಹಗಲು ಕಂಡದ್ದಕ್ಕೆಲ್ಲ ಸಿಡುಕಿದ. ಅವನ ಹೆಜ್ಜೆ ಸಪ್ಪಳ ಕೇಳುತ್ತ ಇವಳೂ ಎಚ್ಚರವಿದ್ದಳು. ಈಚೆಗಂತೂ ಇಬ್ಬರ ನಡುವೆ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಚೀನಾಕ್ಕೆ ಹೋಗಬೇಕಾಗಿ ಬಂದಾಗ, ನಾಲ್ಕು ದಿನವಾದರೂ ಮನೆಯಿಂದ ದೂರವಿರಬಹುದಲ್ಲ ಎಂದು ಅವಳಿಗೆ ಒಳಗೊಳಗೇ ಹಗುರವೆನಿಸಿತ್ತು.

ಷೆನ್ ವಸತಿಗೃಹ ನದಿಯ ದಂಡೆಯ ಓಣಿಯಲ್ಲಿತ್ತು. ಬಣ್ಣ ಮಾಸಿದ ಬಾಗಿಲು, ಅಂಗಳದಲ್ಲಿ ಒಣಗಲು ತೂಗುಹಾಕಿದ ಮೀನು. ಮನೆಯೊಡತಿ ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಓಣಿಯವರೆಲ್ಲ ಅವಳನ್ನು "ಷೆನ್ ಆಯೀ" ಎಂದು ಕರೆಯುತ್ತಿದ್ದರು. ಅಲ್ಲಿನ ಭಾಷೆಯಲ್ಲಿ ಹಾಗೆಂದರೆ ಚಿಕ್ಕಮ್ಮ. ತಮ್ಮ ಕಡೆಯೂ ತಾಯಿಯನ್ನು ಆಯಿ ಎನ್ನುತ್ತಾರಲ್ಲ ಎಂದು ಯಮುನಾಳ ಮುಖದ ಮೇಲೆ ಸಣ್ಣ ನಗು ಹಾದುಹೋಯಿತು.

ಅವಳು ಮಹಡಿ ಹತ್ತಿ, ಚಪ್ಪಲಿ ಕಳಚಿ, ಐದು ನಿಮಿಷ ಬೆನ್ನು ಚಾಚೋಣವೆಂದು ಹಾಸಿಗೆಯ ಮೇಲೆ ಒರಗಿದಳು. ಆಗ ಮಧ್ಯಾಹ್ನ. ಎಚ್ಚರವಾದಾಗ ಗೋಡೆಯ ಮೇಲೆ ಸಂಜೆಯ ಕೆಂಪು ಬಿಸಿಲಿತ್ತು. ಬಾಯಿಯ ಮೂಲೆಯಲ್ಲಿ ಜೊಲ್ಲು ಒಣಗಿತ್ತು. ಮದುವೆಯಾದ ಮೇಲೆ ತಾನು ಹೀಗೆ ಹೆಣದಂತೆ ಮಲಗಿದ್ದು ಅವಳಿಗೆ ನೆನಪಿರಲಿಲ್ಲ. ಎದ್ದು ಕೂತು, ಸುಮ್ಮನೆ, ಕಾರಣವಿಲ್ಲದೆ ಸ್ವಲ್ಪ ಅತ್ತಳು.

ಕೆಳಗೆ ಅಡುಗೆಮನೆಯಲ್ಲಿ ಷೆನ್ ಆಯೀ ಮೀನು ಕುದಿಸುತ್ತಿದ್ದಳು. ಪರಿಮಳ ಮೂಗಿಗೆ ಬಡಿದಾಗ ಯಮುನಾ ಮೆಟ್ಟಿಲ ಮೇಲೇ ನಿಂತಳು. ಅದು ಹುಳಿಗೆ ತಮ್ಮೂರಿನ ಮುರುಗಲು ಹಾಕಿದ ಮೀನಿನ ಸಾರು. ಒಲೆಯ ಪಕ್ಕದ ಗಾಜಿನ ಭರಣಿಯಲ್ಲಿ ಒಣಗಿಸಿದ ಮುರುಗಲ ಸಿಪ್ಪೆ ಕಪ್ಪಗೆ ಹೊಳೆಯುತ್ತಿತ್ತು. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಅವಳು ನೋಡಿದಳು. ಹಸಿರು ಅಂಚಿನ ಆ ತುಂಡು ಅವಳದೇ ಹಳೆಯ ಸೀರೆಯದು. ದೇವಿದಾಸ ಹಡಗಿಗೆ ಹೋಗುವಾಗಲೆಲ್ಲ ಅವಳೇ ಮುರುಗಲನ್ನು ಅಂಗಳದಲ್ಲಿ ಒಣಗಿಸಿ, ಹೀಗೆ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು.

"ಇದು ನಿಮಗೆ ಎಲ್ಲಿಂದ ಬಂತು?" ಅವಳ ಮಾತನ್ನು ಗುಂಡಿಯೇ ಚೀನೀ ಭಾಷೆಗೆ ತಿರುಗಿಸಿ ಹೇಳಿತು.

"ಒಬ್ಬ ಹಳೆಯ ಅತಿಥಿ ತಂದುಕೊಡುತ್ತಿದ್ದರು." ಮುದುಕಿಯ ಉತ್ತರ ಕಿವಿಯಲ್ಲಿ ಪುಸ್ತಕದ ಕನ್ನಡವಾಗಿ ಬಂತು. "ನಾವಿಕರು. ದೇವಿ ಎಂದು ಹೆಸರು. ಈಗೊಂದು ವರ್ಷದಿಂದ ಬಂದಿಲ್ಲ. ನೀವು ಮಲಗಿದ ಕೋಣೆ ಅವರದೇ."

ಯಮುನಾಳಿಗೆ ಮೊದಲು ಬಂದ ಯೋಚನೆ ಯಾವ ಹೆಂಡತಿಗಾದರೂ ಬರುವಂಥದು. ಅವಳು ಅಡುಗೆಮನೆಯನ್ನು, ಅಂಗಳವನ್ನು, ಒಳಬಾಗಿಲನ್ನು ಕಣ್ಣಿನಲ್ಲೇ ಜಾಲಾಡಿದಳು. "ಈ ಮನೇಲಿ ಬೇರೆ ಯಾರಿದಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

"ಅಂವ ಯಾರ ಸಂಗ್ತಿಗೆ ಬರ್ತಿದ್ದ?"

ಮುದುಕಿ ಸೌಟು ಕೆಳಗಿಟ್ಟು ಅವಳನ್ನು ದಿಟ್ಟಿಸಿದಳು. ಅರ್ಥವಾಯಿತೆಂಬಂತೆ ಒಂದು ಕುರ್ಚಿ ಎಳೆದು ಕೊಟ್ಟಳು. "ಒಬ್ಬರೇ ಬರುತ್ತಿದ್ದರು. ಹಡಗಿನಿಂದ ಇಳಿದು ನೇರ ಇಲ್ಲಿಗೆ. ಊಟ ಮಾಡುವುದು, ಮಲಗುವುದು. ಹಲವು ದಿನ ಬರೀ ನಿದ್ದೆ. ನನಗೆ ಹೆದರಿಕೆಯಾಗಿ ಬಾಗಿಲು ತಟ್ಟಿ ಉಸಿರಾಡುತ್ತಿದ್ದಾರೋ ಇಲ್ಲವೋ ನೋಡುತ್ತಿದ್ದೆ. ಆಮೇಲೆ ಕ್ಷೌರ ಮಾಡಿಸಿಕೊಂಡು, ಹೊಸ ಅಂಗಿ ತೊಟ್ಟು ಊರಿಗೆ ಹೊರಡುತ್ತಿದ್ದರು."

"ಮನೆಗೆ ಬಂದು ಮಲಗೂಕೆ ಎಂತಾಗಿತ್ತು ಅವನಿಗೆ?"

"ನಾನೂ ಅದನ್ನೇ ಕೇಳಿದ್ದೆ. ಕಾದು ಕೂತವರ ಎದುರಿಗೆ ಹೇಗೆ ಮಲಗಲಿ ಎಂದರು."

ಯಮುನಾ ಸಾರು ಮುಟ್ಟಲಿಲ್ಲ. ಅಂಗಳಕ್ಕೆ ಬಂದು ಗುಂಡಿಯನ್ನು ಅದುಮಿ ಹಿಡಿದು, ದೂರು ಕೊಡಬೇಕು ಎಂದಳು. ಇಂಥ ದೂರುಗಳು ನೇರವಾಗಿ ಗುಂಡಿಯನ್ನು ರೂಪಿಸಿದವರಿಗೇ ಹೋಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಗಂಡಸಿನ ದಣಿದ ಧ್ವನಿಯೊಂದು ಕೇಳಿಸಿತು. "ನಮಸ್ಕಾರ. ನಾನು ನೇಮಿರಾಜ ಇಂದ್ರ, ನಿದ್ರಾಗುಂಡಿಯ ವಿಜ್ಞಾನಿ. ಮೂಡುಬಿದಿರೆಯವನು, ಕನ್ನಡದಲ್ಲೇ ಹೇಳಿ."

ಅವಳು ಎಲ್ಲವನ್ನೂ ಹೇಳಿದಳು.

"ಹೆಸರು ಇಟ್ಕಂಬೂದಿಲ್ಲ ಅಂದಿದ್ರಲ್ಲ ನೀವು?" ಎಂದಳು ಯಮುನಾ.

"ಇಟ್ಟುಕೊಂಡಿಲ್ಲ, ತಾಯಿ. ನಿಮ್ಮ ಯಜಮಾನರು ಯಾರೆಂದು ಯಂತ್ರಕ್ಕೆ ಗೊತ್ತೇ ಇಲ್ಲ. ಆದರೆ ಒಟ್ಟಿಗೆ ಮಲಗುವವರ ಉಸಿರು ಕಾಲಕ್ರಮದಲ್ಲಿ ಒಂದನ್ನೊಂದು ಅನುಸರಿಸತೊಡಗುತ್ತದೆ. ಅದನ್ನು ನಾವು ಸಹನಿದ್ರಾ ಅನುವರ್ತನೆ ಎನ್ನುತ್ತೇವೆ. ನಿಮ್ಮ ಮುದ್ರೆಯಲ್ಲಿ ಅವರ ಮುದ್ರೆ ಬೆರೆತಿದೆ. ಯಂತ್ರ ನಿಮ್ಮಿಬ್ಬರನ್ನೂ ಹೆಚ್ಚುಕಡಿಮೆ ಒಬ್ಬರೇ ಎಂದುಕೊಂಡಿದೆ. ನಾವು ಹೆಸರುಗಳನ್ನೆಲ್ಲ ಅಳಿಸಿದೆವು. ಗಂಡನ ಗುರುತು ಹೆಂಡತಿಯ ನಿದ್ದೆಯಲ್ಲಿ ಉಳಿದಿರುತ್ತದೆಂದು ನಮಗೆ ಹೊಳೆಯಲಿಲ್ಲ."

"ಅಂವ ಮನೇಲಿ ಇದ್ದದ್ದೇ ಕಡಿಮೆ. ಹಡಗಲ್ಲಿದ್ದಾಗ ವರ್ಷಕ್ಕೆ ಒಂದು ತಿಂಗಳು, ಈಗ ಮನೇಲಿದ್ರೂ ರಾತ್ರಿ ಮಲಗೂದೇ ಇಲ್ಲ. ಅದ್ರಲ್ಲಿ ಎಂತಾ ಬೆರೆಯೂದು?"

"ಅದೇ ನನಗೂ ಆಶ್ಚರ್ಯ. ಸಾಮಾನ್ಯವಾಗಿ ಒಬ್ಬರು ದೂರವಾದ ಕೆಲವು ವಾರಗಳಲ್ಲಿ ಇದು ಅಳಿಸಿಹೋಗುತ್ತದೆ. ನಿಮ್ಮಲ್ಲಿ ಅಳಿಸಿಲ್ಲ. ಅವರು ಇಲ್ಲದಾಗಲೂ ನೀವು ಅವರ ಪಕ್ಕದಲ್ಲಿ ಮಲಗಿದವರಂತೆಯೇ ಉಸಿರಾಡಿದ್ದೀರಿ. ತಪ್ಪು ನಮ್ಮದು. ಈಗಿಂದೀಗಲೇ ಬೇರೆ ವಸತಿಗೃಹಕ್ಕೆ ಏರ್ಪಾಟು ಮಾಡುತ್ತೇನೆ."

ಯಮುನಾ ಅಂಗಳದ ಕಟ್ಟೆಯ ಮೇಲೆ ಕುಳಿತಳು. ಚೀಲ ಎತ್ತಿಕೊಂಡು ಇನ್ನೊಂದು ಬಾಗಿಲು ಹುಡುಕಿಕೊಂಡು ಹೋಗುವ ಶಕ್ತಿ ಅವಳಲ್ಲಿರಲಿಲ್ಲ. "ಬೇಡ," ಎಂದಳು. "ಇಲ್ಲಿ ನಿದ್ದೆ ಬರ್ತದೆ."

ಮರುದಿನ ಕಾರ್ಖಾನೆಯಲ್ಲಿ ಅವಳು ಯಂತ್ರವನ್ನು ಓಡಿಸಿ ನೋಡಿದಳು. ಒಣ ಚಿಪ್ಪು ಹಾಕಿ ತೋರಿಸಿದವರಿಗೆ, ನಮ್ಮಲ್ಲಿ ಮಳೆಗಾಲದಲ್ಲಿ ಚಿಪ್ಪು ಒದ್ದೆಯಾಗಿರ್ತದೆ, ಒದ್ದೆ ಚಿಪ್ಪು ಹಾಕಿ ಎಂದಳು. ಯಂತ್ರ ಕಟ್ಟಿಕೊಂಡು ನಿಂತಿತು. ಅದನ್ನು ಸರಿಪಡಿಸಿ ಕೊಟ್ಟರೆ ಮಾತ್ರ ಒಪ್ಪಂದ ಎಂದು ಖಡಾಖಂಡಿತವಾಗಿ ಹೇಳಿದಳು. ತನ್ನ ತಲೆ ಇಷ್ಟು ತಿಳಿಯಾಗಿ ಓಡುತ್ತಿರುವುದು ಅವಳಿಗೇ ಸೋಜಿಗವಾಯಿತು. ಜೊತೆಗೇ ಸಿಟ್ಟೂ ಬಂತು. ಇಷ್ಟು ವರ್ಷ ಈ ಸುಖವನ್ನು ಒಬ್ಬನೇ ಉಂಡನಲ್ಲ!

ಮಧ್ಯಾಹ್ನ ಕೋಣೆಗೆ ಬಂದು ಮನೆಗೆ ಫೋನು ಮಾಡಿದಳು. ದೇವಿದಾಸ ಎತ್ತಿಕೊಂಡ. ಹಿಂದಿನಿಂದ ಅತ್ತೆ ಯಾರನ್ನೋ ಕರೆಯುತ್ತಿದ್ದದ್ದು, ಟೀವಿ ಕೂಗುತ್ತಿದ್ದದ್ದು ಕೇಳಿಸಿತು.

"ಮಶಿನ್ ನೋಡಿದ್ಯಾ?" ಎಂದ.

"ನೋಡ್ದೆ. ನಾನು ಷೆನ್ ಆಯೀ ಮನೇಲಿ ಇದ್ದೇನೆ. ಮಹಡಿ ಮೇಲೆ."

ಆ ಕಡೆ ಕದ ಹಾಕಿದ ಸದ್ದಾಯಿತು, ಟೀವಿಯ ಗಲಾಟೆ ದೂರವಾಯಿತು. ಜಗಲಿಗೆ ಬಂದಿರಬೇಕು.

"ಹಡಗು ತಡ ಆಯ್ತು ಹೇಳ್ತಿದ್ಯಲ್ಲ ಪ್ರತಿ ಸಲ," ಎಂದಳು ಅವಳು. "ನಾವು ದಾರಿ ಕಾಯ್ತಾ ಇರ್ತಿದ್ವು. ನೀನು ಇಲ್ಲಿ ಬಿದ್ಕಂಡಿದ್ದೆ."

"ಹೌದು."

"ಹೊಸ ಅಂಗಿ, ನಗ್ತಾ ಇರೂ ಮುಖ ಹೊತ್ಕಂಡು ಬರ್ತಿದ್ದೆ. ಆಗ ನಿನ್ನ ಅಮ್ಮ ಎಂತ ಹೇಳ್ತಿದ್ರು ನೆನಪಿದೆಯಾ? ಸಮುದ್ರದಲ್ಲಿ ದುಡಿದು ಬಂದವನ ಮುಖ ನೋಡು, ಮನೇಲಿ ಕೂತ ನಿನ್ನ ಮುಖ ನೋಡು ಹೇಳಿ. ಎಲ್ಲರ ಎದುರಿಗೆ. ನಾನು ಒಳಗೆ ಹೋಗಿ ಕಣ್ಣಿನ ಅಡಿಗೆ ಪೌಡರ್ ಹಚ್ಕಂತಿದ್ದೆ. ನನ್ನ ಮೈಯಲ್ಲೇ ಎಂತೋ ಐಬು ಇದೆ ಅಂದ್ಕಂಡಿದ್ದೆ, ದೇವಿ."

ಅವನು ಹೇಳಿದ: "ಮೊದಲನೇ ಸಲ ಸೀದಾ ಮನೆಗೇ ಬಂದಿದ್ದೆ. ಎಂಜಿನ್ ಸದ್ದು ಕಿವಿಯಿಂದ ಹೋಗೂಕೆ ಎಂಟು ದಿನ ಬೇಕು. ಅಷ್ಟರಲ್ಲಿ ನೆಂಟರು, ಮದುವೆ, ಹರಕೆ. ನಾನು ನಿನ್ನ ಮೇಲೆ ಕೈ ಎತ್ತಿದ್ದೆ. ನಿಂಗೆ ನೆನಪಿದೆಯೋ ಇಲ್ವೋ. ನಿದ್ದೆ ಇಲ್ದೆ ಎತ್ತಿದ್ದು. ಆಮೇಲೆ ಹೆದರಿಕೆ ಆಯ್ತು. ನಿದ್ದೆ ಮುಗಿಸ್ಕಂಡೇ ಬರಬೇಕು ಅಂದ್ಕಂಡೆ."

ಅವಳಿಗೆ ನೆನಪಿತ್ತು. ಅದು ಒಂದೇ ಸಲ ಆದದ್ದು. ಅದರ ನಂತರ ಅವನು ಬಂದಾಗಲೆಲ್ಲ ಮೆತ್ತಗಿರುತ್ತಿದ್ದ, ಮನೆಗೆ ಬಂದ ಅತಿಥಿಯ ಹಾಗೆ. ಅದಕ್ಕಾಗಿಯೇ ತಾನು ಅವನನ್ನು ಕಾಯುತ್ತಿದ್ದೆನೋ ಏನೋ.

"ನಂಗೆ ಹೇಳ್ಬಹುದಿತ್ತು," ಎಂದಳು.

"ಹೇಳ್ಬಹುದಿತ್ತು."

"ಈಗ? ಅಲ್ಲಿ ನಿದ್ದೆ ಬರ್ತದೆಯಾ?"

"ಇಲ್ಲ."

ಹೊರಗೆ ಓಣಿಯಲ್ಲಿ ಯಾರೋ ಎಳ್ಳು ತುಂಬಿದ ಅಕ್ಕಿ ಉಂಡೆ ಮಾರುತ್ತ ಕೂಗಿಕೊಂಡು ಹೋದರು. ಆ ಕೂಗು ಫೋನಿನಲ್ಲಿ ಅವನಿಗೂ ಕೇಳಿಸಿರಬೇಕು. ದೇವಿದಾಸ ಅಳುಕುತ್ತ ಹೇಳಿದ: "ಆ ನದಿ ಬದಿ ಕಿಟಕಿ ಇದ್ಯಲ್ಲ, ಮಲಗೂಕೆ ಮುಂಚೆ ಅದನ್ನ ಹಾಕ್ಕ. ಬೆಳಗಾಮುಂಚೆ ಮೀನು ಸಂತೆ ಗಲಾಟೆ."

ಅವಳು ಎದ್ದು ಕಿಟಕಿ ಹಾಕಿದಳು.

ಆ ವರ್ಷವೇ ನೇಮಿರಾಜ ಇಂದ್ರರು ನಿದ್ರಾಗುಂಡಿಯ ಲೆಕ್ಕಾಚಾರವನ್ನು ಬದಲಿಸಿದರು. ಗಂಡ ಹೆಂಡಿರ ಮುದ್ರೆಗಳು ಒಂದೇ ಕೋಣೆಯಲ್ಲಿ ಕೂಡದಂತೆ ಅಡ್ಡಗೋಡೆ ಹಾಕಿದರು. ಯಮುನಾಳದೊಂದೇ ಅಲ್ಲ, ಹುಡುಕಿ ನೋಡಿದಾಗ ಅಂಥ ಕೋಣೆಗಳು ಸಾವಿರಾರಿದ್ದವು. ಮನೆಗೆ ಒಂದು ನಿಲ್ದಾಣ ಮೊದಲೇ ಇಳಿದು ನಿದ್ದೆ ಮಾಡಿ ಹೋಗುವವರು ಎಲ್ಲ ದೇಶಗಳಲ್ಲೂ ಇದ್ದರು. ಜನರ ದಣಿವು ಕಳೆಯಲು ಯಂತ್ರ ಮಾಡಿದ್ದ ಆ ವಿಜ್ಞಾನಿ, ಈ ಜನ ಯಾರಿಂದೆಲ್ಲ ದಣಿವನ್ನು ಬಚ್ಚಿಡುತ್ತಿದ್ದಾರೆಂದು ಎಂದೂ ಕೇಳಿಕೊಂಡಿರಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಯಮುನಾ ವಾಪಸು ಬಂದು ಕುಮಟಾದಲ್ಲಿ ರೈಲಿಳಿದಾಗ ದೇವಿದಾಸ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು, ಅಂಗಿ ಮುದುಡಿತ್ತು. ಅವನು ಅವಳ ಚೀಲ ತೆಗೆದುಕೊಂಡ. ಎರಡು ವಿಮಾನ, ಮೂರು ರೈಲು ಹತ್ತಿಳಿದ ಅವಳ ಮುಖವೂ ಹಾಗೇ ಇತ್ತು. ಒಬ್ಬರ ಮುಖವನ್ನೊಬ್ಬರು ನೋಡಿದರು.

"ಅತ್ತೆ ಹತ್ರ ಯಾರಿದಾರೆ?" ಎಂದಳು ರಿಕ್ಷಾದಲ್ಲಿ ಕೂತ ಮೇಲೆ.

"ತಂಗಿ ಬಂದಿದಾಳೆ. ನಾಳೆ ಸಂಜೆವರೆಗೆ ಇರ್ತಾಳೆ. ಸಂಘದವರೆಲ್ಲ ನಮ್ಮನೇಲೇ ಕೂತಿದಾರೆ, ಮಶಿನ್ ಸುದ್ದಿ ಕೇಳೂಕೆ."

ಯಮುನಾ ಮುಂದಕ್ಕೆ ಬಾಗಿ ರಿಕ್ಷಾದವನ ಹೆಗಲು ಮುಟ್ಟಿದಳು. "ತದಡಿಗೆ ಬೇಡ. ಪೇಟೇಲಿ ಯಾವ್ದಾದ್ರೂ ಲಾಡ್ಜಿಗೆ ಬಿಡು."

ದೇವಿದಾಸ ಅವಳತ್ತ ತಿರುಗಿದ. ಅವಳು ತಿರುಗಲಿಲ್ಲ. ಕಿವಿಯ ಹಿಂದಿನ ಗುಂಡಿಯನ್ನು ಉಗುರಿನಿಂದ ಬಿಡಿಸಿ ಪರ್ಸಿಗೆ ಹಾಕಿಕೊಂಡಳು.

ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಮ್ಯಾನೇಜರು ಇಬ್ಬರನ್ನೂ ಅನುಮಾನದಿಂದ ನೋಡಿದ. ಇಬ್ಬರ ತಲೆಯೂ ಅರ್ಧ ನೆರೆತಿತ್ತು. "ಊರು ಯಾವ್ದು?" ಎಂದು ಕೇಳಿದ.

"ತದಡಿ," ಎಂದ ದೇವಿದಾಸ.

"ಇಲ್ಲೇ ಹತ್ರ ಅಲ್ದೋ ಮಾರಾಯ್ರೇ! ಬಸ್ಸಿದೆ, ರಿಕ್ಷಾ ಇದೆ. ಹೊತ್ತು ಮುಳುಗೂದ್ರೊಳಗೆ ಮನೆ ಮುಟ್ತೀರಿ. ನಿಮಗೆ ರೂಮು ಎಂತಕ್ಕೆ?"

ಯಮುನಾ ಗಲ್ಲಾಪೆಟ್ಟಿಗೆಯ ಮೇಲಿದ್ದ ಬೀಗದ ಕೈಯನ್ನು ತಾನೇ ಎತ್ತಿಕೊಂಡಳು.

"ಮಲಗೂಕೆ," ಎಂದಳು.