ಪಕ್ಕದ ಮನೆಯ ಕ್ಯಾರಿಯರ್

ಅಂಬಿಕಾ ನಳಿಕೆಗೆ ಬಾಯಿಟ್ಟು ಉಸಿರು ಬಿಟ್ಟಳು. ಅಂಗನವಾಡಿಯ ಗೋಡೆಯ ಮೇಲಿನ ಯಂತ್ರ ಒಂದು ಗಳಿಗೆ ಸುಮ್ಮನಿದ್ದು ಕೆಂಪು ದೀಪ ಹೊತ್ತಿಸಿತು. ಕೆಳಗಿನ ಪುಟ್ಟ ಬಾಗಿಲು ತೆರೆದು ಕ್ಯಾರಿಯರ್ ಹೊರಬಂತು: ಅನ್ನ, ಬೇಳೆಸಾರು, ಪಲ್ಯ, ಮೇಲಿನ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆ ಕಡೆ ಹೊರಟಳು. ಅವಳ ಹಿಂದಿದ್ದ ತಿಪ್ಪೇಶ ಉಸಿರು ಬಿಟ್ಟಾಗ ಹಸಿರು ದೀಪ ಹತ್ತಿತು. ಹಸಿರಿಗೆ ಏನೂ ಇಲ್ಲ.

ಕಟ್ಟೆಯ ಕೆಳಗೆ ನಿಂತಿದ್ದ ತಿಪ್ಪೇಶನ ತಾಯಿ ಹಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂಬಿಕಾಳ ತಾಯಿ ದುರುಗಮ್ಮ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ಜೊತೆಯಾಗಿ ಬೆವರು ಸುರಿಸಿದವರು. ಹೊಗೆ ಕಾಯಿದೆ ಬಂದು ದಾವಣಗೆರೆಯ ಭಟ್ಟಿಗಳಲ್ಲಿ ಅರ್ಧ ಮುಚ್ಚಿದಾಗ ಇಬ್ಬರಿಗೂ ಒಟ್ಟಿಗೇ ಕೆಲಸ ಹೋಗಿತ್ತು, ಇಬ್ಬರ ಗಂಡಂದಿರೂ ಗಾರೆ ಕೆಲಸ ಹುಡುಕಿ ದೂರದ ಊರಿಗೆ ಹೋಗಿದ್ದರು. ಬಡತನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಿರುವಾಗ ಅವಳ ಮಗಳಿಗೆ ಮೊಟ್ಟೆ, ತನ್ನ ಮಗನಿಗೆ ಬರೀ ದೀಪ ಎಂದರೆ ಯಾರಿಗೆ ತಾನೆ ಸಹಿಸಲಾಗುತ್ತದೆ?

ಯಂತ್ರದ ಹೆಸರು ಹಸಿವರಿಕ. ಊಟ ಸಾಲದ ದೇಹ ತನ್ನದೇ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಆಗ ಉಸಿರಿನಲ್ಲಿ ಒಂದು ಬಗೆಯ ಹುಳಿವಾಸನೆ ಸೇರುತ್ತದೆ. ಮನುಷ್ಯರ ಮೂಗಿಗೆ ಅಷ್ಟಾಗಿ ತಿಳಿಯದ ಆ ವಾಸನೆಯನ್ನು ಹಸಿವರಿಕ ಅಳೆಯುತ್ತಿತ್ತು. ಮಗು ಒಂಟಿಯಾಗಿ ಹಸಿಯುವುದಿಲ್ಲ, ಮಗು ಹಸಿದರೆ ಮನೆಯೇ ಹಸಿದಿರುತ್ತದೆ ಎಂದು ಸರ್ಕಾರ ಸರಿಯಾಗಿಯೇ ಯೋಚಿಸಿ, ಕೆಂಪು ದೀಪದ ಮಗುವಿನ ಇಡೀ ಮನೆಗೆ ಸಾಲುವಷ್ಟು ಊಟ ಕೊಡುತ್ತಿತ್ತು. ಆ ಊಟ ಬೇರೆ ಮನೆಯವರ ಬಾಯಿಗೆ ಹೋಗಬಾರದು ಎಂಬುದೊಂದೇ ನಿಯಮ. ಅದಕ್ಕಾಗಿ ಪ್ರತಿ ಕ್ಯಾರಿಯರ್‌ನ ಅನ್ನದಲ್ಲೂ ಬಣ್ಣ ರುಚಿ ಇಲ್ಲದ ಒಂದು ಗುರುತುಸತ್ವ ಬೆರೆಸಿರುತ್ತಿದ್ದರು. ಮನೆಗೊಂದು ಗುರುತು. ದೂರು ಬಂದಾಗ ಮಾತ್ರ ಅದನ್ನು ಉಸಿರಿನಲ್ಲಿ ಹುಡುಕುವ ಪೂರ್ಣ ಪರೀಕ್ಷೆ ನಡೆಯುತ್ತಿತ್ತು.

ಹಾಲಮ್ಮನಿಗೆ ಇದೊಂದೂ ತಿಳಿಯದು. ಅವಳಿಗೆ ತಿಳಿದದ್ದು, ಹಸಿದವರಿಗೆ ಕೆಂಪು ದೀಪ ಎಂಬುದಷ್ಟೇ. ಅವಳು ಮಗನಿಗೆ ರಾತ್ರಿಯ ರೊಟ್ಟಿಯನ್ನು ಅರ್ಧ ಮಾಡಿದಳು. ದೀಪ ಹಸಿರು. ಆ ಅರ್ಧವನ್ನೂ ತೆಗೆದು ಅಂಬಲಿ ಕುಡಿಸಿದಳು. ಮತ್ತೂ ಹಸಿರು. ಒಂದು ಸಲ ಕೆಂಪಾದರೆ ಸಾಕು, ಆಮೇಲೆ ದಿನವೂ ಮೊಟ್ಟೆ ತಿನ್ನುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಹುಡುಗನೋ ಅತ್ತು ಕರೆಯದೆ ಸುಮ್ಮನೆ ಮಲಗಿಬಿಡುತ್ತಿದ್ದ. ಗೋಡೆಯ ಆಚೆಯಿಂದ ಡಬ್ಬಿ ಬಿಚ್ಚುವ ಸದ್ದು ಕೇಳಿದರೆ ಹಾಲಮ್ಮ ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು.

ಕೊನೆಗೆ ಅವಳು ಯಂತ್ರದ ಮೇಲೆಯೇ ದೂರು ಕೊಟ್ಟಳು. ಅದನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ವಾರಿಜಾ ತಾವೇ ಖುದ್ದಾಗಿ ಬಂದರು.

"ನಿಮ್ಮ ಮಿಷನ್ನು ಮುಖ ನೋಡಿ ಮಣೆ ಹಾಕ್ತೈತಿ ಮೇಡಂ," ಎಂದಳು ಹಾಲಮ್ಮ. "ದುರುಗಮ್ಮ ಏನೋ ಕಿತಾಪತಿ ಮಾಡ್ಯಾಳೆ."

"ಯಂತ್ರಕ್ಕೆ ಯಾರ ಗುರುತೂ ಇರುವುದಿಲ್ಲಮ್ಮ. ಉಸಿರು ಏನು ಹೇಳುತ್ತದೋ ಅಷ್ಟೇ ಅದಕ್ಕೆ ಗೊತ್ತು."

"ಹಂಗಾರೆ ನನ್ನ ಮಗನ ಉಸಿರು ಸುಳ್ಳು ಹೇಳ್ತೈತೇನು? ನಾನು ಅವನಿಗೆ ಉಣ್ಣಾಕೆ ಏನು ಇಕ್ಕೀನಿ ಅಂತ ನನಗೆ ಗೊತ್ತಿಲ್ವಾ?"

ವಾರಿಜಾ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ದುರುಗಮ್ಮನನ್ನೂ ಕರೆಸಿ ಇಬ್ಬರು ಮಕ್ಕಳಿಗೂ ಪೂರ್ಣ ಪರೀಕ್ಷೆ ನಡೆಸಿದರು. ಫಲಿತಾಂಶ ಪರದೆಯ ಮೇಲೆ ಮೂಡಿದಾಗ ಅವರ ಮುಖ ಬಿಳುಪೇರಿತು.

"ನಿಮ್ಮ ಮಗ ದಿನವೂ ದುರುಗಮ್ಮನ ಮನೆಯ ಕ್ಯಾರಿಯರ್ ಊಟ ಮಾಡುತ್ತಿದ್ದಾನೆ," ಎಂದರು. "ಅದಕ್ಕೇ ಅವನು ಹಸಿರು. ಅವನಿಗೆ ಹಂಚಿದ್ದರಿಂದಲೇ ಆ ಹುಡುಗಿ ಇನ್ನೂ ಕೆಂಪು."

ಹಾಲಮ್ಮ ದುರುಗಮ್ಮನ ಕಡೆ ತಿರುಗಿದಳು. ದುರುಗಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದ್ದಳು.

"ಸಂಜಿ ಆಯ್ತು ಅಂದ್ರೆ ಆಡಾಕೆ ಬಂದಂಗೆ ಬಂದು ಬಾಗ್ಲತ್ರ ಕೂರ್ತಿತ್ತು ಕಣೆ. ಕೂಸು ನೋಡ್ತಾ ಕೂತ್ರೆ ನಾವು ಹೆಂಗೆ ಉಣ್ಣಾದು? ಅವ್ವಂಗೆ ಹೇಳ್ಬ್ಯಾಡ, ಬ್ಯಾಸರ ಮಾಡ್ಕಂತಾಳೆ ಅಂತ ನಾನೇ ಅಂದಿದ್ದೆ."

ಆ ಬೀದಿಯಲ್ಲಿ ಉಣ್ಣುವ ಹೊತ್ತಿಗೆ ಬಂದ ಮಗುವಿಗೆ ಯಾರ ಮನೆಯದು ಎಂದು ಕೇಳದೆ ತಟ್ಟೆ ಇಡುವುದು ಮೊದಲಿನಿಂದ ಬಂದ ರೂಢಿ. ಹಸಿವರಿಕಕ್ಕೆ ಆ ರೂಢಿಯನ್ನು ಯಾರೂ ಕಲಿಸಿರಲಿಲ್ಲ. ಊಟ ಬೇರೆ ಮನೆಯ ಮಗುವಿಗೆ ಹೋದದ್ದು ಸಾಬೀತಾಗಿತ್ತು. ವಾರಿಜಾ ಬೇಡವೆಂದರೂ ಯಂತ್ರ ನಿಯಮದಂತೆ ದುರುಗಮ್ಮನ ಮನೆಗೆ ಊಟ ನಿಲ್ಲಿಸಿ, ಎರಡು ಮನೆಯ ಮಕ್ಕಳಿಗೂ ದಿನವೂ ಪೂರ್ಣ ಪರೀಕ್ಷೆ ನಡೆಸತೊಡಗಿತು.

ಆ ವಾರದಲ್ಲೇ ತಿಪ್ಪೇಶ ಉಸಿರು ಬಿಟ್ಟಾಗ ಕೆಂಪು ದೀಪ ಹತ್ತಿತು. ಬಾಗಿಲು ತೆರೆದು ಕ್ಯಾರಿಯರ್ ಬಂತು. ಅಂಬಿಕಾ ಊದಿದಾಗಲೂ ಕೆಂಪೇ. ಆದರೆ ಬಾಗಿಲು ತೆರೆಯಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಕಾದು, ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ, ಹೊರಟುಹೋದಳು.

ಇಷ್ಟು ದಿನ ಕನಸಿನಲ್ಲೂ ಬೇಡಿದ್ದು ಕೈಗೆ ಬಂದಿತ್ತು. ಹಾಲಮ್ಮನಿಗೆ ಅದನ್ನು ಮನೆಯೊಳಗೆ ಒಯ್ಯಲಾಗಲಿಲ್ಲ. ಸಂಜೆ ಮಗನನ್ನು ಕರೆದುಕೊಂಡು ಕ್ಯಾರಿಯರ್ ಸಮೇತ ಪಕ್ಕದ ಮನೆಗೆ ಹೋದಳು. ದುರುಗಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಹಾಲಮ್ಮ. ನಿಂದೂ ನಿಂತೋಗ್ತೈತಿ. ತಗಂಡೋಗಿ ನಿನ್ನ ಮಗನಿಗೆ ಉಣ್ಸು."

ಒಲೆ ತಣ್ಣಗಿತ್ತು. ಮಗಳು ಮೂಲೆಯಲ್ಲಿ ಕಾಲು ಮಡಚಿ ಕೂತಿದ್ದಳು. ಅಂಥ ಮನೆಯಲ್ಲಿ ನಿಂತೂ ದುರುಗಮ್ಮ ಹಾಲಮ್ಮನ ಮಗನ ಊಟ ತಪ್ಪದಂತೆ ನೋಡಿಕೊಳ್ಳುತ್ತಿದ್ದಳು. ಹಾಲಮ್ಮನಿಗೆ ಹಿಂದೆಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು. ಏನೂ ಇಲ್ಲದಾಗಲೂ ಕೊಡುವವಳು ಇವಳೇ, ತುಂಬಿದ ಡಬ್ಬಿ ಹಿಡಿದೂ ತಾನು ಈಸಿಕೊಳ್ಳುವವಳೇ.

"ಎಲ್ಲಾ ನೀನೇ ಕೊಡಬೇಕಾ?" ಎಂದಳು. "ಒಂದ್ಸಲ ನನಗೂ ಕೊಡಾಕೆ ಬಿಡು. ಸರಿ ಅತ್ಲಾಗೆ."

ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಇಬ್ಬರು ಮಕ್ಕಳನ್ನೂ ಕೂರಿಸಿ ಡಬ್ಬಿಯ ತಳ ಕಾಣುವ ತನಕ ಬಡಿಸಿದಳು. ತಾಯಂದಿರಿಬ್ಬರೂ ನೀರು ಕುಡಿದರು.

ಮರುದಿನ ಅಂಬಿಕಾ ನಳಿಕೆಗೆ ಬಾಯಿಟ್ಟಾಗ ಮೊದಲ ಸಲ ಹಸಿರು ದೀಪ ಹತ್ತಿತು. ತಿಪ್ಪೇಶನದೂ ಹಸಿರು. ಅದರ ಜೊತೆಗೆ, ಅಂಬಿಕಾಳ ಉಸಿರಿನಲ್ಲಿ ಹಾಲಮ್ಮನ ಮನೆಯ ಗುರುತುಸತ್ವ ಸಿಕ್ಕಿದ್ದರಿಂದ ಆ ಮನೆಗೂ ಊಟ ನಿಂತಿದೆ ಎಂದು ಯಂತ್ರ ಹೇಳಿತು. ಆ ಬೀದಿಯಲ್ಲಿ ಊಟಕ್ಕೆ ಕಾಯುವ ಮನೆ ಇನ್ನೊಂದೂ ಉಳಿಯಲಿಲ್ಲವಾಗಿ ಅದನ್ನು ಹಸಿವುಮುಕ್ತ ಬೀದಿ ಎಂದೂ ಸಾರಿತು.

ಹಾಲಮ್ಮನ ಕಿವಿಗೆ ಯಂತ್ರದ ಮಾತು ಬೀಳಲಿಲ್ಲ. ಅಂಬಿಕಾಳ ಹಸಿರು ದೀಪವನ್ನು ದುರುಗಮ್ಮ ನೋಡಿದಳೋ ಇಲ್ಲವೋ ಎಂದು ತಿರುಗಿದಳು. ದುರುಗಮ್ಮ ನೋಡಿದ್ದಳು. ಆ ಮುಖದಲ್ಲಿ ಸಂತೋಷವಿತ್ತು, ಅದರ ಅಡಿಯಲ್ಲಿ ಇನ್ನೊಂದೂ ಇತ್ತು. ಹಾಲಮ್ಮನಿಗೆ ಅದು ಏನೆಂದು ಥಟ್ಟನೆ ತಿಳಿಯಿತು, ಅಷ್ಟು ದಿನ ತಾನೇ ಆ ಕಿಚ್ಚನ್ನು ಒಳಗೆ ಇಟ್ಟುಕೊಂಡು ಓಡಾಡಿದ್ದಳು. ದುರುಗಮ್ಮ ಕೈಯಾರೆ ಬಡಿಸಿದ ಊಟದಲ್ಲಿ ಅವಳ ಮಗಳು ಒಂದು ದಿನವೂ ಹಸಿರಾಗಿರಲಿಲ್ಲ.