ಡ್ರೈವರ್ ಕಡೆಗೆ ಒಂದು ಪಟ್ಟಿ ಜಾಸ್ತಿ

"ನಾಲ್ಕು ಇಂಚು ಎತ್ತಬೇಕು."

ಗಾಡಿಯ ಅಡಿಯಲ್ಲಿ ಮಲಗಿ ಬೋಲ್ಟ್ ಬಿಗಿಯುತ್ತಿದ್ದವಳ ಕೈ ಅಲ್ಲೇ ನಿಂತಿತು.

ಆ ದನಿ...!

ಮರೆತೆ ಅಂದುಕೊಂಡಿದ್ದಳು. ಎಲ್ಲಿ ಮರೆತಾಳು, ಪಾಪ!

ಅವಳು ಜಾರಿಕೊಂಡು ಹೊರಗೆ ಬಂದಳು. ಬಂಪರ್ ಹಿಡಿದುಕೊಂಡು "ಅಮ್ಮಾ..." ಎನ್ನುತ್ತ ಎದ್ದಳು. ಸಿಮೆಂಟ್ ನೆಲದ ಮೇಲೆ ಊರಿ ಊರಿ, ಅವಳ ಬಲಮಂಡಿ ಈಚೆಗೆ ಹೇಳಿದ ಮಾತು ಕೇಳುತ್ತಿರಲಿಲ್ಲ.

ಎದುರಿಗೆ ಅವನೇ. ಬೆಟ್ಟದ ತುದಿಯ ಮೊಬೈಲ್ ಟವರ್ ನೋಡಿಕೊಳ್ಳುವವನು. ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು 'ಟವರ್' ಎಂದೇ ಕರೆಯುತ್ತಿದ್ದರು. ಅವನ ಎತ್ತರಕ್ಕೂ ಆ ಹೆಸರು ಒಪ್ಪುತ್ತಿತ್ತು. ಈಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ, ಕಣ್ಣಿನ ಕೆಳಗೆ ಕಪ್ಪು. ಹಿಂದೆ ಅದೇ ಹಳೇ ಗಾಡಿ ನಿಂತಿದೆ. ಅದಕ್ಕೆ 'ಅಜ್ಜ' ಎಂದು ಹೆಸರಿಟ್ಟವಳು ಇವಳೇ.

"ಚೆನ್ನಾಗಿದ್ದೀರಾ?" ಎಂದ.

ಚೆನ್ನಾಗಿದ್ದೀರಾ ಅಂತೆ! ಒಂದು ಕಾಲದಲ್ಲಿ 'ಏನೇ' ಅನ್ನುತ್ತಿದ್ದ ಬಾಯಿ ಅದು.

"ಇದ್ದೀನಿ. ನಾಲ್ಕು ಇಂಚು ಯಾಕೆ?"

"ಮೇಲಿನ ದಾರಿ ಪೂರ್ತಿ ಕಿತ್ತುಹೋಗಿದೆ. ಬಂಡೆಗೆ ಗಾಡಿ ಹೊಟ್ಟೆ ತಾಗುತ್ತೆ. ಕಡಿಮೆ ಖರ್ಚಲ್ಲಿ ಆಗಬೇಕು. ಎಲ್ಲೋ ಸ್ಪೇಸರ್ ಅಂತ ಕಬ್ಬಿಣದ ತುಂಡು ಇಟ್ಟು ಎತ್ತಿಕೊಡ್ತಾರಂತೆ..."

"ಎತ್ತಿಕೊಡ್ತಾರೆ. ಆಮೇಲೆ ಗಾಡಿ ಉರುಳಿದ್ರೆ ನಿಮ್ಮನ್ನೂ ಎತ್ಕೊಂಡು ಬರ್ತಾರೆ!"

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ಕಿಸಕ್ಕನೆ ನಕ್ಕ. ಪಾರ್ಶ್ವವಾಯು ಬಡಿದ ಮೇಲೆ ಒಂದು ಕಾಲು ಒಂದು ಕೈ ಹೋಗಿತ್ತು, ನಗು ಮಾತ್ರ ಹಾಗೇ ಉಳಿದಿತ್ತು.

ಅವಳು ಕೈ ಒರೆಸಿಕೊಂಡು ಅಜ್ಜನ ಚಕ್ರದ ಪಕ್ಕ ಬಗ್ಗಿದಳು.

"ನೋಡಿ, ಗಾಡಿ ಎತ್ತರಿಸೋ ಹೊಸ ಕಿಟ್ ತರಿಸಬಹುದು. ಆ ದುಡ್ಡಿಗೆ ಇನ್ನೊಬ್ಬ ಅಜ್ಜನೇ ಬರ್ತಾನೆ. ಸ್ಪೇಸರ್ ಅಗ್ಗ, ಸರಿ. ಆದ್ರೆ ನಾಲ್ಕು ಇಂಚು ಎತ್ತಿದ್ರೆ ಬ್ರೇಕ್ ಪೈಪ್ ಎಳೆಯುತ್ತೆ, ತಿರುವಲ್ಲಿ ಗಾಡಿ ವಾಲುತ್ತೆ. ಅದರ ಬದಲು ಗಾಡಿ ಭಾರ ಹೊರೋ ಇದೇ ಕಮಾನು ಪಟ್ಟಿ ಬಿಚ್ಚಿ, ಮತ್ತೆ ಬಾಗು ಕೊಡಿಸಿ, ಒಂದೊಂದು ಪಟ್ಟಿ ಸೇರಿಸಿ, ಸ್ವಲ್ಪ ಉದ್ದದ ಶಾಕ್ ಅಬ್ಸಾರ್ಬರ್ ಹಾಕ್ತೀನಿ. ಎರಡು ಇಂಚು ಸಿಗುತ್ತೆ. ಅದರಲ್ಲೂ ಅರ್ಧ, ಅಜ್ಜ ವಯಸ್ಸಾಗಿ ಕಳ್ಕೊಂಡಿರೋ ಎತ್ತರಾನೇ."

"ಎರಡು ಸಾಲುತ್ತಾ?"

"ಬಂಡೆ ನೋಡ್ಕೊಂಡು ಓಡಿಸಿದ್ರೆ ಸಾಲುತ್ತೆ."

"ಆಯ್ತು. ನೀವು ಹೇಳಿದ ಹಾಗೇ ಆಗ್ಲಿ." ಅವನ ಕಣ್ಣು ಅವಳ ಮಂಡಿಯ ಹತ್ತಿರ ಒಮ್ಮೆ ಹೋಗಿ ಬಂತು. "ಇನ್ನೊಂದು... ಡ್ರೈವರ್ ಪಕ್ಕದ ಸೀಟಿನ ಬಾಗಿಲಿಗೆ ಒಂದು ಮೆಟ್ಟಿಲು ಹಾಕಿ. ತಗ್ಗಲ್ಲಿರ್ಲಿ. ಮಂಡಿ ನೋವಿರೋರು ಹತ್ತಬೇಕು."

ಅವಳು ಅಜ್ಜನ ಚಕ್ರದ ನಟ್ಟನ್ನು ಸುಮ್ಮನೆ ಇನ್ನೊಮ್ಮೆ ಬಿಗಿದಳು.

ಹೆಂಡತಿ! ಇನ್ಯಾರು? ಹೆಂಡತಿಯನ್ನು ಕರೆದುಕೊಂಡು ಬೆಟ್ಟದ ಮೇಲೆ ಸಂಸಾರ ಹೂಡಲು ಹೊರಟಿದ್ದಾನೆ. ಅದಕ್ಕೆ ನಾನೇ ಗಾಡಿ ಸರಿಮಾಡಿಕೊಡಬೇಕು! ಎಂಥಾ ಹಣೆಬರಹ...

ಹಿಂದೆ ಇದೇ ಬಾಗಿಲಲ್ಲಿ ನಿಂತು ಅವನು "ಮದುವೆ ಆಗೋಣ ಕಣೇ" ಎಂದಿದ್ದ. ಅಪ್ಪ ಆಗತಾನೇ ಹಾಸಿಗೆ ಹಿಡಿದಿದ್ದ. "ಈಗ ಬೇಡ" ಎಂದಿದ್ದಳು. ಅವಳು ಹೇಳಿದ್ದು 'ಈಗ' ಬೇಡ ಎಂದಷ್ಟೇ. ಕೆಲವು ತಿಂಗಳಾದ ಮೇಲೆ ಬಿಡಿಭಾಗದ ಅಂಗಡಿಯವನು "ಟವರ್‌ಗೆ ಹೆಣ್ಣು ಗೊತ್ತಾಯ್ತಂತೆ" ಎಂದ. ಅಂದಿನಿಂದ ಅವನ ಫೋನ್ ಬಂದರೂ ಎತ್ತಲಿಲ್ಲ. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುವ ಜಾಣೆ, ಇದೊಂದನ್ನು ಬಾಯಿಬಿಟ್ಟು ಕೇಳಬಾರದಿತ್ತೇ? ಕೇಳಲಿಲ್ಲ ನೋಡಿ!

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಮೆಟ್ಟಿಲು ಯಾರಿಗಂತೆ?"

"ಅವರ ಹೆಂಡತಿಗೆ ಇರಬೇಕು."

"ಕೇಳಿದ್ಯಾ?"

"ನನಗ್ಯಾಕಪ್ಪ ಅದೆಲ್ಲ?"

"ನನಗೆ ಕಾಲು ಬಿದ್ದುಹೋಯ್ತು, ಸರಿ. ನಿನ್ನ ಬಾಯಿಗೇನಾಗಿದೆ ಮಗಳೇ?"

ಅವಳು ಅಪ್ಪನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಸಾಕಾಗಿತ್ತು ಅವಳಿಗೆ. ಬೆಳಗಾದರೆ ಗ್ಯಾರೇಜು, ಸಂಜೆಯಾದರೆ ಅಪ್ಪನ ಮಾತ್ರೆ, ನಡುವೆ ಈ ಮಂಡಿ. ಅಳುವುದಕ್ಕೂ ಪುರುಸೊತ್ತು ಬೇಕಲ್ಲ!

ಮರುದಿನ ಅಜ್ಜನನ್ನು ಸಮನೆಲದ ಮೇಲೆ ನಿಲ್ಲಿಸಿದಳು. ಕಮಾನು ಬಿಚ್ಚುವ ಮೊದಲು ಎತ್ತರ ಅಳೆಯುವುದು ಅಪ್ಪ ಕಲಿಸಿದ ಪದ್ಧತಿ. ಡ್ರೈವರ್ ಕಡೆ ಅಳೆದಳು. ಪಕ್ಕದ ಸೀಟಿನ ಕಡೆ ಅಳೆದಳು. ಹುಬ್ಬು ಗಂಟಾಯಿತು. ಮತ್ತೆ ಅಳೆದಳು.

ಡ್ರೈವರ್ ಕಡೆ ಎರಡು ಬೆರಳು ಕೆಳಗಿತ್ತು!

ಅಷ್ಟರಲ್ಲಿ ಅವನೂ ಬಂದ.

"ಟೂಲ್ ಬಾಕ್ಸ್ ಎಲ್ಲಿಡ್ತೀರಿ?" ತಲೆಯೆತ್ತದೆ ಕೇಳಿದಳು.

"ಹಿಂದೆ, ನಡುವೆ."

"ಬ್ಯಾಟರಿಗಳು?"

"ಅವೂ ನಡುವೆನೇ. ಯಾಕೆ?"

"ಡೀಸೆಲ್ ಕ್ಯಾನು?"

"ಈ ಗಾಡೀಲಿ ತರಲ್ಲ. ಏನಾಯ್ತು ಹೇಳಿ?"

"ಡ್ರೈವರ್ ಕಡೆ ಕಮಾನು ಪೂರ್ತಿ ಕೂತುಬಿಟ್ಟಿದೆ. ಆ ಕಡೆದಕ್ಕೆ ಏನೂ ಆಗಿಲ್ಲ." ಅವಳು ಅಳತೆಯ ಟೇಪನ್ನು ಮಡಚಿ ಮತ್ತೆ ಬಿಚ್ಚಿದಳು. "ಆ ಸೀಟಲ್ಲಿ... ಯಾರು ಕೂರ್ತಾರೆ?"

"ಯಾರೂ ಕೂರಲ್ಲ."

"ನಿಮ್ಮ ಹೆಂಡತಿ?!"

ಕೂಗಿಯೇಬಿಟ್ಟಿದ್ದಳು. ಬಾಗಿಲ ಬಳಿ ಅಪ್ಪ ರೇಡಿಯೋ ಆರಿಸಿದ, ಒಂದು ಮಾತೂ ತಪ್ಪಿಹೋಗಬಾರದೆಂದು.

ಅವನು ಕಣ್ಣು ಬಿಟ್ಟುಕೊಂಡು ನಿಂತ. "ಯಾವ ಹೆಂಡತಿ? ಆ ಸಂಬಂಧ ಆಗಲೇ ಮುರಿದುಹೋಯ್ತು. ಬೆಟ್ಟದ ಮೇಲೆ ಬಂದು ಇರಲ್ಲ ಅಂದ್ರು. ಅವರ ತಪ್ಪೇನಿಲ್ಲ, ನನಗೂ ಮನಸ್ಸಿರಲಿಲ್ಲ. ಅದನ್ನ ಹೇಳೋಕೇ ಅಷ್ಟು ಸಲ ಫೋನ್ ಮಾಡ್ದೆ. ನೀವು ಎತ್ತಲಿಲ್ಲ. ನಾನು ಬೇಡ್ವೇನೋ ಅಂದ್ಕೊಂಡು ಸುಮ್ಮನಾದೆ."

ಅವಳು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತಳು. ಸಂತೋಷಪಡಬೇಕಿತ್ತು. ಬಂದದ್ದು ಸಿಟ್ಟು, ಅದರ ಹಿಂದೆಯೇ ಅಳು.

"ಬಂದು ಹೇಳೋಕೆ ಏನಾಗಿತ್ತು ನಿಮಗೆ? ಗಾಡಿ ಇತ್ತಲ್ಲ!"

"ಹೆದರಿಕೆ ಆಗ್ತಿತ್ತು."

"...ನನಗೂ."

ಅವಳು ತೋಳಿನಿಂದ ಮುಖ ಒರೆಸಿಕೊಂಡಳು. ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡಿತು.

"ಮತ್ತೆ ಆ ಮೆಟ್ಟಿಲು?"

"ನಿನ್ನೆ ಬಂಪರ್ ಹಿಡ್ಕೊಂಡು ಎದ್ರಲ್ಲ... ಅದನ್ನ ನೋಡಿ ಕೇಳಿದ್ದು."

ಅವಳು ತನ್ನ ಮಂಡಿಯನ್ನೇ ನೋಡಿಕೊಂಡಳು. ಅದರ ಕಡೆ ಬೇರೆಯವರು ನೋಡಿ ಎಷ್ಟು ಕಾಲವಾಗಿತ್ತೋ!

"ಅಪ್ಪನ್ನ ಬಿಟ್ಟು ನಾನು ಮೇಲೆ ಬರೋಕಾಗಲ್ಲ. ಈ ಗ್ಯಾರೇಜನ್ನೂ..."

"ಬಾ ಅಂತ ಯಾರಂದ್ರು? ನಾನು ಬರ್ತೀನಿ. ಮೇಲಕ್ಕೆ ಡೀಸೆಲ್ ಸಾಗಿಸೋಕೆ ಕಂಪನಿ ಟ್ರ್ಯಾಕ್ಟರ್ ಇದೆ, ನನಗೆ ಬೇಕಾಗಿರೋದು ದಿನಾ ಕೆಳಗೆ ಬಂದು ಹೋಗೋಕೆ ಗಾಡಿ. ಡ್ಯೂಟಿ ಮುಗಿದ ಮೇಲೆ ಅಲ್ಲಿ ಒಬ್ಬನೇ ಗೋಡೆ ನೋಡ್ತಾ ಕೂರ್ತೀನಿ. ಸುತ್ತಮುತ್ತ ಎಲ್ಲರಿಗೂ ಸಿಗ್ನಲ್ ಕೊಡೋನು ನಾನು, ನನಗೇ ಒಂದು ಫೋನ್ ಬರಲ್ಲ." ಅವನು ಅಜ್ಜನ ಬಾಗಿಲ ಮೇಲೆ ಕೈಯಿಟ್ಟ. "ಸಾಕಾಗಿದೆ ಕಣೇ..."

ಕಣೇ!

ಆ ಒಂದು ಮಾತಿಗೆ ಅವಳೊಳಗೆ ಹಿಡಿದಿಟ್ಟಿದ್ದೆಲ್ಲ ಕರಗಿಹೋಯಿತು. ಇಷ್ಟು ವರ್ಷದ ದಣಿವು ಒಟ್ಟಿಗೇ ಮೈಮೇಲೆ ಬಂದಂತಾಯಿತು. ಅವನು ಕೈ ಚಾಚಿದ. ಈ ಸಲ ಬಂಪರ್ ಹಿಡಿಯದೆ, ಅವನ ಕೈ ಹಿಡಿದು ಎದ್ದಳು.

ಬೆಂಚಿನ ಮೇಲೆ ಹೊಸ ಪಟ್ಟಿಗಳನ್ನು ಜೋಡಿಸಿಟ್ಟಿದ್ದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಇನ್ನೊಂದನ್ನು ಕೈಗೆತ್ತಿಕೊಂಡಳು.

"ಒಂದು ಕೇಳ್ಬೇಕು. ಒಬ್ಬರೇ ಓಡಾಡೋ ಗಾಡಿ ಆದ್ರೆ ಡ್ರೈವರ್ ಕಡೆಗೆ ಒಂದು ಪಟ್ಟಿ ಜಾಸ್ತಿ ಹಾಕ್ತೀನಿ, ಮತ್ತೆ ವಾಲಬಾರ್ದು ಅಂತ. ಇಬ್ಬರು ಕೂರೋದಾದ್ರೆ ಎರಡೂ ಕಡೆ ಸಮ. ಬಿಗಿದ ಮೇಲೆ ಪದೇ ಪದೇ ಬಿಚ್ಚೋಕಾಗಲ್ಲ. ಯಾವ್ದು ಮಾಡ್ಲಿ?"

"ನೀನೇ ಹೇಳು. ಕೂರಬೇಕಾದೋಳು ನೀನು."

"ಬೇಗ ಹೇಳೇ ಮಾರಾಯ್ತಿ, ನನಗೆ ಮಾತ್ರೆ ಹೊತ್ತಾಯ್ತು!" ಅಪ್ಪ ಬಾಗಿಲಿಂದ ಕೂಗಿದ.

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಕೈಯಲ್ಲಿದ್ದ ಆ ಹೆಚ್ಚಿನ ಪಟ್ಟಿಯನ್ನು ತೆಗೆದುಕೊಂಡು ಹೋಗಿ ಗೋಡೆಯ ಮೊಳೆಗೆ ಮತ್ತೆ ತೂಗುಹಾಕಿದಳು.

"ಮೆಟ್ಟಿಲು ಇನ್ನೊಂಚೂರು ತಗ್ಗಿಸ್ತೀನಿ," ಎಂದಳು ಅವನ ಕಡೆ ತಿರುಗದೆ. "ತುಂಬಾ ನೋವಿದೆ ಕಣೋ. ಯಾರಿಗೂ ಹೇಳಿರಲಿಲ್ಲ."

"ಗೊತ್ತಾಯ್ತು ಕಣೇ," ಎಂದ ಅವನು. "ಮೊದಲು ಆಸ್ಪತ್ರೆಗೇ ಹೋಗೋಣ."